ಇಣುಕಮ್ಮ

ಮನೆಯಲ್ಲಿ ಅವಳನ್ನು ಅತ್ತಿಗೆ ಎನ್ನಬೇಕು, ವಿಮಾನ ಶಾಲೆಯಲ್ಲಿ ಮೇಡಂ ಎನ್ನಬೇಕು. ಎರಡನ್ನೂ ಬೆರೆಸಬಾರದೆಂದು ಮೊದಲ ದಿನವೇ ಕಟ್ಟಪ್ಪಣೆಯಾಗಿತ್ತು.

"ಮನೆಯವಳು ಅಂತ ಪಾಸು ಮಾಡಿದ್ಲು ಅಂತ ನಾಳೆ ಯಾರೂ ನನ್ನ ಮುಖದ ಮೇಲೆ ಹೇಳಬಾರದು," ಎಂದಿದ್ದಳು ಅತ್ತಿಗೆ, ಊಟದ ಮೇಜಿನ ಆ ತುದಿಯಿಂದ. "ಬೇರೆಯವರಿಗೆ ಒಂದು ಬೈದ್ರೆ ನಿನಗೆ ಎರಡು. ತಿಳೀತಾ?"

"ತಿಳೀತು ಮೇಡಂ," ಎಂದಳು ನಾದಿನಿ.

"ಈಗ ಮನೇಲಿದ್ದೀವಿ."

"ತಿಳೀತು ಅತ್ತಿಗೆ."

ಅಣ್ಣ ತಟ್ಟೆಯೊಳಗೆ ಮುಖ ಹುದುಗಿಸಿಕೊಂಡು ನಗು ನುಂಗಿದ. ಅವನದು ಕನ್ನಡಕದ ಅಂಗಡಿ. ಹೆಂಡತಿಗೂ ತಂಗಿಗೂ ಮಾತು ಬೆಳೆಯುವ ಸೂಚನೆ ಕಂಡರೆ ಸಾಕು, ಜೇಬಿನಿಂದ ಯಾರದೋ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಿದ್ದ. ತಂಗಿಯನ್ನು ಶಾಲೆಗೆ ಸೇರಿಸಿದವನು ಅವನೇ. ಹೆಂಡತಿಯನ್ನು ಒಂದು ಮಾತು ಕೇಳದೆ ಸೇರಿಸಿದ್ದ. ಆ ಸಿಟ್ಟು ಅವಳಿಗಿನ್ನೂ ಆರಿರಲಿಲ್ಲ. ಅದು ಅವನ ಮೇಲೆ ತೀರದೆ ನಾದಿನಿಯ ಕಡೆ ಹರಿಯುತ್ತಿತ್ತು.

ಶಾಲೆ ಚಿಕ್ಕದು. ಎರಡು ಹ್ಯಾಂಗರ್, ಒಂದು ರನ್‌ವೇ, ತಗಡಿನ ಮಾಡಿನ ತರಗತಿ. ಡಯಲ್‌ಗಳ ಮುಳ್ಳುಗಳನ್ನು ಮಾತ್ರ ನೋಡಿ ವಿಮಾನ ಹಾರಿಸುವ ಪಾಠಕ್ಕೆ ಅಲ್ಲಿದ್ದವಳು ಮೇಡಂ ಒಬ್ಬಳೇ. ಮೋಡದೊಳಗೆ ಹೊಕ್ಕರೆ ನೆಲ ಕಾಣದು, ಆಕಾಶವೂ ಕಾಣದು. ಎದುರಿನ ಡಯಲ್‌ಗಳನ್ನೇ ನಂಬಿ ಹೊರಬರಬೇಕು. ಅದನ್ನು ಕಲಿಸಲು ಮೇಡಂ ವಿದ್ಯಾರ್ಥಿಗೆ ಒಂದು ಮಸುಕು ಕನ್ನಡಕ ಹಾಕಿಸುತ್ತಿದ್ದಳು. ಅದರ ಗಾಜಿನ ಕೆಳಗಿನ ಪಟ್ಟಿಯೊಂದು ಬಿಟ್ಟು ಉಳಿದದ್ದೆಲ್ಲ ಉಜ್ಜಿ ಕುರುಡಾಗಿಸಿದ್ದು. ತಲೆ ತಗ್ಗಿಸಿ ಕೂತರೆ ಡಯಲ್‌ಗಳು ಕಾಣುತ್ತವೆ, ಕಿಟಕಿ ಕಾಣುವುದಿಲ್ಲ. ವಿದ್ಯಾರ್ಥಿ ಎಡಗಡೆ, ಮೇಡಂ ಬಲಗಡೆ. ಹೊರಗೆ ನೋಡುವ ಕೆಲಸ ಮೇಡಂದು.

"ಮೋಡದೊಳಗೆ ನಿಮ್ಮ ಮೈ ನಿಮಗೆ ಸುಳ್ಳು ಹೇಳುತ್ತೆ," ಎಂದು ಅವಳು ತರಗತಿಯಲ್ಲಿ ಹೇಳಿದ್ದಳು. "ಕಿವಿ ಸುಳ್ಳು ಹೇಳುತ್ತೆ, ಹೊಟ್ಟೆ ಸುಳ್ಳು ಹೇಳುತ್ತೆ, ಕೂತ ಕುಂಡೆ ಎಲ್ಲಕ್ಕಿಂತ ದೊಡ್ಡ ಸುಳ್ಳು ಹೇಳುತ್ತೆ. ವಿಮಾನ ವಾಲಿರುತ್ತೆ, ನೆಟ್ಟಗಿದ್ದೀವಿ ಅನ್ಸುತ್ತೆ. ಅನ್ಸಿದ್ದನ್ನ ನಂಬಿದವರು ಯಾರೂ ವಾಪಸ್ ಬಂದು ನನ್ನ ಹತ್ರ ಮಾತಾಡಿಲ್ಲ."

ಹಿಂದಿನ ಬೆಂಚಿನ ಗಡ್ಡದ ಹುಡುಗ ಕಿಸಕ್ಕೆಂದ. ಅವನನ್ನು ಎದ್ದು ನಿಲ್ಲಿಸಿ, ಪಾಠ ಮುಗಿಯುವವರೆಗೂ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಲ್ಲಲು ಹೇಳಿದಳು. ನಾಲ್ಕು ಸಲ ಬಿದ್ದ. ಅದೇ ಅವತ್ತಿನ ಪಾಠವಾಯಿತು.

ನಾದಿನಿಗೆ ಮಾತು ಕಡಿಮೆ. ಆದರೆ ಕೈ ಚುರುಕು. ಮೊದಮೊದಲು ತಡವರಿಸಿದಳು, ಆಮೇಲೆ ಒಂದು ದಿನ ಏನೋ ಹೊಂದಿಕೊಂಡಿತು. ಮಸುಕು ಕನ್ನಡಕ ಹಾಕಿಕೊಂಡರೂ ವಿಮಾನ ಯಾವ ಕಡೆ ತಿರುಗುತ್ತಿದೆ, ಎಷ್ಟು ವಾಲಿದೆ ಎಂಬುದು ಅವಳಿಗೆ ಮುಳ್ಳು ಓದುವ ಮುಂಚೆಯೇ ಗೊತ್ತಾಗುತ್ತಿತ್ತು. ಕೈ ತಾನೇ ಹೋಗಿ ಸರಿಮಾಡುತ್ತಿತ್ತು. ಹೇಗೆಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ನನ್ನ ಮೈಗೇ ದಿಕ್ಕು ಗೊತ್ತು, ಬೇರೆಯವರಿಗಿಲ್ಲದ್ದು ನನಗಿದೆ ಎಂದು ಒಳಗೊಳಗೇ ಬೀಗುತ್ತಿದ್ದಳು. ಹುಟ್ಟಿದಾಗಿನಿಂದ ಯಾವುದರಲ್ಲೂ ಮುಂದಿರದವಳಿಗೆ ಆ ಹೆಮ್ಮೆ ಹೊಸ ಬಟ್ಟೆಯ ಹಾಗೆ ಹಿತವಾಗಿತ್ತು.

ಮೇಡಂ ಅದನ್ನು ಗಮನಿಸಿದ್ದು ಡಯಲ್ ಮುಚ್ಚುವ ಪಾಠದಲ್ಲಿ. ಹಾರುವಾಗ ದಿಕ್ಕಿನ ಡಯಲ್ ಕೆಟ್ಟುಹೋಯಿತೆಂದು ಭಾವಿಸಿ ಅದರ ಮೇಲೆ ರಬ್ಬರಿನ ಬಿಲ್ಲೆ ಅಂಟಿಸುತ್ತಾರೆ. ಆಗ ವಿದ್ಯಾರ್ಥಿ ತಿರುವಿನ ಮುಳ್ಳನ್ನೂ ಗಡಿಯಾರವನ್ನೂ ನೋಡಿ, ಇಷ್ಟು ಹೊತ್ತು ತಿರುಗಿದರೆ ಇಷ್ಟು ದಿಕ್ಕು ಎಂದು ಲೆಕ್ಕ ಹಾಕಬೇಕು. ನಾದಿನಿ ಗಡಿಯಾರದ ಗುಂಡಿಯನ್ನೇ ಒತ್ತಲಿಲ್ಲ. ಹೇಳಿದ ದಿಕ್ಕಿಗೆ ಸರಿಯಾಗಿ ತಿರುಗಿ ನಿಲ್ಲಿಸಿದಳು.

ಮೇಡಂ ಬಿಲ್ಲೆ ಕಿತ್ತು ದಿಕ್ಕು ನೋಡಿದಳು.

"ಗಡಿಯಾರ?" ಎಂದಳು ಮೇಡಂ.

"ಮರೆತೆ ಮೇಡಂ."

"ಗಡಿಯಾರ ಮರೆತವಳಿಗೆ ಎಲ್ಲಿ ನಿಲ್ಲಿಸಬೇಕು ಅಂತ ಯಾರು ಹೇಳಿದ್ರು? ನಿಮ್ಮಣ್ಣ ಬಂದು ಹೇಳಿದ್ನಾ?"

"ಗೊತ್ತಾಯ್ತು ಮೇಡಂ."

"ಗೊತ್ತಾಗೋದಕ್ಕೆ ಒಂದೇ ದಾರಿ ಇರೋದು. ಹೊರಗೆ ಇಣುಕಿದ್ದೀಯ."

"ಇಲ್ಲ ಮೇಡಂ. ದೇವರಾಣೆ."

"ದೇವರಿಗೆ ಪೈಲಟ್ ಲೈಸೆನ್ಸ್ ಇಲ್ಲ. ವಿಮಾನ ನನ್ನದು." ಎಂದವಳೇ ಹಿಡಿ ತನ್ನ ಕೈಗೆ ತೆಗೆದುಕೊಂಡು ನೇರ ಇಳಿಸಿದಳು.

ಅಂದು ಸಂಜೆ ಅತ್ತಿಗೆ ಅಣ್ಣನ ಮುಂದೆ ಮಸುಕು ಕನ್ನಡಕವನ್ನು ಇಟ್ಟಳು. "ಪಟ್ಟಿ ಇನ್ನೂ ಸಣ್ಣ ಮಾಡು. ಪಕ್ಕಕ್ಕೂ ಮುಚ್ಚು. ನಿನ್ನ ತಂಗಿ ಕಳ್ಳಾಟ ಆಡ್ತಿದ್ದಾಳೆ."

ಅಣ್ಣ ಅದನ್ನು ತಿರುಗಿಸಿ ನೋಡಿದ. "ಇದರಲ್ಲಿ ಮೊದಲೇ ಏನೂ ಕಾಣಲ್ಲ ಕಣೇ."

"ಕಾಣದಿದ್ರೆ ಹೆಂಗೆ ಕಂಡಳು?"

ಅಣ್ಣ ತಂಗಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ನಂಬಿದನೋ ಇಲ್ಲವೋ, ಮರುದಿನ ಪಟ್ಟಿ ಅರ್ಧವಾಗಿ, ಬದಿಗೆಲ್ಲ ಕಪ್ಪು ಚರ್ಮ ಅಂಟಿ ಬಂತು. ಕುದುರೆಯ ಕಣ್ಪಟ್ಟಿಯ ಹಾಗಿತ್ತು. ಅದನ್ನು ಹಾಕಿಕೊಂಡು ನಾದಿನಿ ಮತ್ತೆ ಗಡಿಯಾರ ಒತ್ತದೆ, ಮತ್ತೆ ಸರಿಯಾದ ದಿಕ್ಕಿಗೆ ನಿಲ್ಲಿಸಿದಳು. ಈ ಸಲ ಬೇಕೆಂದೇ ಒತ್ತಲಿಲ್ಲ. ಹಟ ಅವಳ ತಲೆಗೂ ಹತ್ತಿತ್ತು.

ಸುದ್ದಿ ಹ್ಯಾಂಗರಿಗೆ ಹರಡಲು ಎಷ್ಟು ಹೊತ್ತು. ಗಡ್ಡದವನು ಅವಳಿಗೆ ಇಣುಕಮ್ಮ ಎಂದು ಹೆಸರಿಟ್ಟ. ಅವಳು ಹಾದುಹೋಗುವಾಗ ಹುಡುಗರು ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದರು. "ಇಣುಕಮ್ಮ, ನಾಳೆ ಪರೀಕ್ಷೆ ಪೇಪರ್ ಕಾಣ್ತಿದ್ಯಾ ಅಲ್ಲಿಂದ?" ಎಂದು ಒಬ್ಬ. "ಅವಳಿಗೆ ಯಾಕೋ ಪರೀಕ್ಷೆ, ಅತ್ತಿಗೆ ಇಲ್ವಾ," ಎಂದು ಇನ್ನೊಬ್ಬ. ಅದನ್ನು ಮೇಡಂ ಕೇಳಿಸಿಕೊಂಡಳು. ಆ ದಿನವೇ ಮುಖ್ಯಸ್ಥರ ಕೋಣೆಗೆ ಹೋಗಿ ದೂರು ಕೊಟ್ಟಳು.

ಮುಖ್ಯಸ್ಥರು ದಪ್ಪ ಮೀಸೆಯ, ಕಡಿಮೆ ಮಾತಿನ ಮುದುಕರು. ಶಾಲೆ ಅವರದೇ. ಮೇಡಂ ಅಲ್ಲಿರುವಾಗಲೇ ನಾದಿನಿಯನ್ನು ಕರೆಸಿದರು.

"ಮೋಸ ಮಾಡಿದವರನ್ನ ನಾನು ಇಟ್ಕೊಳ್ಳಲ್ಲ," ಎಂದರು. "ಇವತ್ತು ಮೋಸದಲ್ಲಿ ಪಾಸಾದವರು ನಾಳೆ ಜನರನ್ನ ಕೂರಿಸಿಕೊಂಡು ಮೋಡಕ್ಕೆ ನುಗ್ತಾರೆ. ಇಣುಕಿದ್ಯಾ?"

"ಇಲ್ಲ ಸರ್."

"ಮತ್ತೆ ಹೇಗೆ?"

ಅವಳು ಎಂದೂ ಬಾಯಿಬಿಟ್ಟು ಹೇಳದ್ದನ್ನು ಹೇಳಿಬಿಟ್ಟಳು. "ನನ್ನ ಮೈಗೇ ಗೊತ್ತಾಗುತ್ತೆ ಸರ್, ಯಾವ ಕಡೆ ತಿರುಗ್ತಿದೀವಿ ಅಂತ."

ಮೇಡಂ ನಕ್ಕ ನಗು ಚೂರಿಯ ಹಾಗಿತ್ತು. ಮುಖ್ಯಸ್ಥರು ನಗಲಿಲ್ಲ. "ನಾಳೆ ನಾನೇ ಪಕ್ಕದಲ್ಲಿ ಕೂರ್ತೀನಿ. ನಿಮ್ಮ ಮೇಡಂ ಹಿಂದೆ ಕೂರ್ತಾರೆ. ಇಣುಕದೆ ಹಾರಿಸಿ ತೋರಿಸು. ತೋರಿಸಿದ್ರೆ ಇರು. ಇಲ್ಲಾಂದ್ರೆ ವಾರದ ಕೊನೆಗೆ ನಿನ್ನ ಹೆಸರು ತೆಗೀತೀನಿ."

ಮರುದಿನ ಬೆಳಿಗ್ಗೆ ಆಕಾಶದ ತುಂಬ ಎತ್ತರದ ತೆಳು ಮೋಡ ಕವಿದಿತ್ತು, ಒಗೆದು ಒಣಹಾಕಿದ ಬಿಳಿ ಬೆಡ್‌ಶೀಟಿನ ಹಾಗೆ. ಹಾರಾಟಕ್ಕೆ ಅಡ್ಡಿಯಿಲ್ಲ. ಮೇಲೇರಿದ ಮೇಲೆ ಮುಖ್ಯಸ್ಥರು ಅವಳ ಕನ್ನಡಕವನ್ನು ತಾವೇ ಬಿಗಿಮಾಡಿದರು, ದಿಕ್ಕಿನದು, ವಾಲಿದ್ದು ತೋರಿಸುವುದು, ಎರಡೂ ಡಯಲ್‌ಗಳಿಗೆ ಬಿಲ್ಲೆ ಅಂಟಿಸಿದರು, "ಬಲಕ್ಕೆ, ಅರ್ಧ ಸುತ್ತು. ವಿಮಾನ ನಿನ್ನದು," ಎಂದರು.

ನಾದಿನಿ ತಿರುಗಿಸಿದಳು. ತಿರುಗಿಸಿ, ಮೈ ಹೇಳಲಿ ಎಂದು ಕಾದಳು. ಮೈ ಏನೂ ಹೇಳಲಿಲ್ಲ. ಕಿವಿಯೊಳಗೆ ಹತ್ತಿ ತುಂಬಿದ ಹಾಗಿತ್ತು. ಸ್ವಲ್ಪ ಹೊತ್ತಿಗೆ, ಆಗಲೇ ನೇರವಾಗಿದ್ದೇವೆ ಅನ್ನಿಸಿತು. ಖಂಡಿತ ಅನ್ನಿಸಿತು. ತಿರುವಿನ ಮುಳ್ಳು ಮಾತ್ರ ಇನ್ನೂ ಬಲಕ್ಕೇ ಮಲಗಿತ್ತು. ಮುಳ್ಳು ಕೆಟ್ಟಿರಬೇಕು ಅಂದುಕೊಂಡಳು. ಗಾಳಿಯ ಸದ್ದು ಏರಿತು, ಎತ್ತರದ ಮುಳ್ಳು ಕೆಳಕ್ಕೆ ಓಡತೊಡಗಿತು. ವಿಮಾನದ ಮೂಗು ಎತ್ತೋಣವೆಂದು ಹಿಡಿ ಎಳೆದಳು. ಎಳೆದಷ್ಟೂ ಅವಳ ಮೈ ಸೀಟಿಗೆ ಒತ್ತಿಕೊಂಡಿತು, ಮುಳ್ಳು ಇನ್ನೂ ಜೋರಾಗಿ ಓಡಿತು.

"ಏನ್ಮಾಡ್ತಿದ್ದೀಯ?" ಎಂದರು ಮುಖ್ಯಸ್ಥರು, ಶಾಂತವಾಗಿ.

"ಮುಳ್ಳು ತಪ್ಪು ತೋರಿಸ್ತಿದೆ ಸರ್."

"ವಿಮಾನ ನನ್ನದು. ಕನ್ನಡಕ ತೆಗಿ."

ತೆಗೆದಳು. ಕಿಟಕಿಯ ತುಂಬ ನೆಲವೇ ನೆಲ, ಗಿರಗಿರನೆ ತಿರುಗುತ್ತ ಮೇಲೆ ಬರುತ್ತಿತ್ತು. ರಸ್ತೆ, ಮನೆಗಳ ಮಾಡು, ಒಗೆದ ಬಟ್ಟೆಯ ತಂತಿ. ಮುಖ್ಯಸ್ಥರು ಮೊದಲು ರೆಕ್ಕೆ ನೆಟ್ಟಗೆ ಮಾಡಿ, ಆಮೇಲೆ ಮೂಗನ್ನು ಎತ್ತಿದರು.

ನೆಲದ ಮೇಲೆ ಮುಖ್ಯಸ್ಥರು ಹೇಳಿದ್ದು ಇಷ್ಟೇ. "ಇಣುಕೋಕೆ ಬಿಡದೆ ಇದ್ದಾಗ ಬರಲಿಲ್ಲ. ಅಂದ್ರೆ ಇಷ್ಟು ದಿನ ಇಣುಕಿದ್ದೀಯ. ಇನ್ನು ಮಾತು ಬೇಡ."

"ನಾನು ಹೇಳಿರಲಿಲ್ವಾ," ಎಂದಳು ಮೇಡಂ. ಹೇಳಿ, ನಾದಿನಿಯ ಕಡೆ ತಿರುಗಿ, "ಒಳಗೆ ಡಯಲ್ ಎಲ್ಲ ಒರೆಸಿಟ್ಟು ಹೋಗು. ಅದಾದ್ರೂ ಕೈಲಾಗುತ್ತಾ ನೋಡೋಣ," ಎಂದಳು.

ನಾದಿನಿ ಬಟ್ಟೆ ತೆಗೆದುಕೊಂಡು ಮತ್ತೆ ಎಡಗಡೆಯ ಸೀಟಿನಲ್ಲಿ ಕೂತಳು. ಅಳು ಬರಲಿಲ್ಲ. ಇಣುಕಿಲ್ಲ ಎಂಬುದು ಅವಳಿಗೆ ಗೊತ್ತು. ಆದರೆ ಗೊತ್ತು ಗೊತ್ತು ಎನ್ನುತ್ತಿದ್ದ ಮೈ ಇವತ್ತು ಮುಖ್ಯಸ್ಥರ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿತಲ್ಲ, ಅದು ಯಾಕೆಂಬುದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೋಡ ಹರಿದು ಬಿಸಿಲು ಬಂತು. ಇಬ್ಬರು ಮೆಕ್ಯಾನಿಕ್‌ಗಳು ವಿಮಾನವನ್ನು ಹ್ಯಾಂಗರಿಗೆ ನೂಕಲು ಬಂದರು. "ಕೂತೇ ಇರಮ್ಮ, ನಿನ್ನ ಭಾರ ಎಷ್ಟು ಮಹಾ," ಎಂದು ಒಬ್ಬ ಬಾಲ ಹಿಡಿದು ತಿರುಗಿಸಿದ. ನಾದಿನಿ ತಲೆ ತಗ್ಗಿಸಿ ಕೆಳಗಿನ ಡಯಲ್ ಒರೆಸುತ್ತಿದ್ದಳು. ವಿಮಾನ ಎಡಕ್ಕೆ ತಿರುಗುತ್ತಿದೆ ಎಂದು ತಟ್ಟನೆ ಹೊಳೆಯಿತು. ತಲೆ ಎತ್ತಿರಲಿಲ್ಲ. ಹೊರಗೆ ನೋಡಿರಲಿಲ್ಲ. ಬೆಳಿಗ್ಗೆ ಕೈಕೊಟ್ಟದ್ದು ಈಗ ವಾಪಸ್ ಬಂದಿತ್ತು.

ಅವಳ ಕೈ ಅಲ್ಲೇ ನಿಂತಿತು. ತೊಡೆಯ ಮೇಲೆ ಕಿಟಕಿಯ ಆಕಾರದ ಬಿಸಿಲಿನ ತುಂಡೊಂದು ಬಿದ್ದಿತ್ತು. ಅದು ಮೊಣಕಾಲಿನಿಂದ ಮೆಲ್ಲಗೆ ಸರಿದು ಮುಂಗೈಗೆ ಬಂತು, ಮುಂಗೈ ಬೆಚ್ಚಗಾಯಿತು.

"ಅಣ್ಣಾ," ಎಂದು ಮೆಕ್ಯಾನಿಕ್‌ನನ್ನು ಕರೆದಳು. "ಇನ್ನೊಂದ್ಸಲ ತಿರುಗಿಸ್ತೀರಾ? ಆ ಕಡೆಗೆ."

"ಇದೇನು ಆಟದ ಗಾಡಿನಾ?"

"ಒಂದೇ ಸಲ."

ಗೊಣಗುತ್ತಲೇ ತಿರುಗಿಸಿದ. ಈ ಸಲ ಅವಳು ತನ್ನ ಚೀಲವನ್ನು ತೊಡೆಯ ಮೇಲಿಟ್ಟು, ಕೈಗಳನ್ನು ಅದರಡಿ ತೂರಿಸಿ, ಕಣ್ಣು ಮುಚ್ಚಿ ಕೂತಳು. ಏನೂ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ವಿಮಾನ ಅವಳು ಅಂದುಕೊಂಡ ಕಡೆಗಿರದೆ ಪೂರ್ತಿ ಬೇರೆ ಕಡೆ ಮುಖ ಮಾಡಿತ್ತು. ಇಷ್ಟು ದಿನ ದಿಕ್ಕು ಹೇಳುತ್ತಿದ್ದದ್ದು ಸರಿಯುವ ಬಿಸಿಲು; ಬೆಳಿಗ್ಗೆ ಮೋಡದಲ್ಲಿ ಅದಿರಲಿಲ್ಲ.

ಮೊದಲು ಸಂತೋಷವಾಯಿತು, ಇಣುಕಿಲ್ಲವೆಂದು ತೋರಿಸಲು ಸಾಕ್ಷಿ ಸಿಕ್ಕಿತಲ್ಲ. ಆಮೇಲೆ ಉಳಿದದ್ದೂ ಹೊಳೆಯಿತು. ಸಾಕ್ಷಿ ಹೇಳಬೇಕಾದರೆ, ತನ್ನ ಮೈಗೆ ಏನೂ ಗೊತ್ತಿಲ್ಲವೆಂದೂ ಹೇಳಬೇಕು. ಎರಡು ತಿಂಗಳು ಮುಳ್ಳು ಓದಲು ಕಲಿತೇ ಇರಲಿಲ್ಲವೆಂದೂ ಹೇಳಬೇಕು. ಅದೂ ಆ ಹೆಂಗಸಿನ ಮುಂದೆ.

ಸಂಜೆ ಅಡುಗೆಮನೆಯಲ್ಲಿ ಹೇಳಿದಳು. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು, ತಿರುಗಲೂ ಇಲ್ಲ.

"ಬಿಸಿಲಂತೆ ಬಿಸಿಲು. ಈಗ ಸೂರ್ಯನ ಮೇಲೆ ತಪ್ಪು ಹಾಕ್ತಿದ್ದೀಯಾ?"

"ಒಂದ್ಸಲ ಪರೀಕ್ಷೆ ಮಾಡಿ ನೋಡಿ ಅತ್ತಿಗೆ."

"ಮೇಡಂ."

"ಮನೇಲಿದ್ದೀವಿ," ಎಂದಳು ನಾದಿನಿ. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು.

ಬಾಗಿಲಲ್ಲಿ ನಿಂತ ಅಣ್ಣ ಕೆಮ್ಮಿದ. "ನೋಡಬಾರದಾ ಒಂದ್ಸಲ. ಹೋಗೋದೇನು?"

"ನೀನು ಗಾಜು ಉಜ್ಜು," ಎಂದಳು ಅತ್ತಿಗೆ ಅವನಿಗೆ. ಕೈ ಒರೆಸಿಕೊಂಡು ನಾದಿನಿಯನ್ನು ಮೇಲಿಂದ ಕೆಳಗೆ ಅಳೆದಳು. "ಸರಿ. ನೀನು ಸುಳ್ಳಿ ಅಂತ ಇನ್ನೊಂದ್ಸಲ ತೋರಿಸಿಕೊಡೋದಕ್ಕೆ ಬರ್ತೀನಿ. ಆಮೇಲೆ ಈ ಮನೇಲಿ ವಿಮಾನ ಅನ್ನೋ ಶಬ್ದ ನಿನ್ನ ಬಾಯಿಂದ ಬರಬಾರದು."

ಮರುದಿನ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲಿತ್ತು. ಮೇಲೇರಿದ ಮೇಲೆ ಮೇಡಂ ಅವಳಿಗೆ ಕನ್ನಡಕ ಹಾಕಿಸಿ, ಹಿಂದಿನ ದಿನದ ಹಾಗೆಯೇ ಎರಡು ಡಯಲ್ ಮುಚ್ಚಿ, ತಿರುಗಿಸಲು ಹೇಳಿದಳು. ಹೊರಗೆ ಸುತ್ತ ಒಮ್ಮೆ ಕಣ್ಣಾಡಿಸಿ, ಆಮೇಲೆ ಮೊದಲ ಸಲ ನಾದಿನಿಯ ಕಣ್ಣಿನ ಬದಲು ತೊಡೆಯನ್ನು ನೋಡಿದಳು. ಬಿಸಿಲಿನ ತುಂಡು ಸರಿಯಿತು. ನಾದಿನಿ ಸರಿಯಾದ ದಿಕ್ಕಿಗೆ ನಿಲ್ಲಿಸಿದಳು.

ಮೇಡಂ ಹಿಂದಿನ ಸೀಟಿನಿಂದ ಎಣ್ಣೆ ವಾಸನೆಯ ಕ್ಯಾನ್ವಾಸ್ ಎಳೆದು ಅವಳ ಮಡಿಲ ಮೇಲೆ, ಮೊಣಕೈವರೆಗೂ ಹೊದಿಸಿದಳು. ಎಡ ಕಿಟಕಿಗೆ ರಟ್ಟು ಸಿಕ್ಕಿಸಿದಳು. "ತಿರುಗಿಸು."

ನಾದಿನಿ ತಿರುಗಿಸಿದಳು. ಮತ್ತೆ ಅದೇ ಹತ್ತಿ ತುಂಬಿದ ಕಿವಿ. ಗಾಳಿ ಕಿರುಚಿತು, ಮುಳ್ಳು ಓಡಿತು. "ವಿಮಾನ ನನ್ನದು." ಮೇಡಂ ನೆಟ್ಟಗೆ ಮಾಡಿದಳು. ರಟ್ಟು ತೆಗೆದು, ಕ್ಯಾನ್ವಾಸ್ ಸರಿಸಿದಳು. "ತಿರುಗಿಸು." ಸರಿಹೋಯಿತು. ಹೊದಿಸಿದಳು, ಬಿತ್ತು. ತೆಗೆದಳು; ಸರಿಹೋಯಿತು. ಹೀಗೆ ಎಷ್ಟು ಸಲ ಮಾಡಿದಳೋ, ನಾದಿನಿಯ ಬಾಯಿಗೆ ಹುಳಿ ನೀರು ಬಂತು.

ಕೊನೆಗೆ ಹೆಡ್‌ಸೆಟ್ಟಿನಲ್ಲಿ ಮೇಡಂ ದನಿ ಬಂತು, ತಗ್ಗಿದ ದನಿ. ತಗ್ಗಿದ್ದರಿಂದ ಇನ್ನೂ ಕೆಟ್ಟದಾಗಿತ್ತು.

"ಇಣುಕಿದ್ರೇ ವಾಸಿಯಾಗಿತ್ತು."

"ಅಂದ್ರೆ?"

"ಇಣುಕೋವ್ಳಿಗೆ ತಾನು ಇಣುಕ್ತಿದ್ದೀನಿ ಅಂತ ಗೊತ್ತಿರುತ್ತೆ. ಮೋಡದ ಹತ್ರ ಬಂದಾಗ ಹೆದರಿ ವಾಪಸ್ ಹೋಗ್ತಾಳೆ. ನೀನು ಹೆದರ್ತಿರಲಿಲ್ಲ. ಪಾಸು ಮಾಡಿದ್ರೆ ನಗ್ತಾ ಒಳಗೆ ಹೋಗಿ, ನಗ್ತಾ ಸಾಯ್ತಿದ್ದೆ. ನಿಮ್ಮಣ್ಣ ನನ್ನ ಮುಖ ನೋಡ್ತಿರಲಿಲ್ಲ."

ನಾದಿನಿಗೆ "ಅತ್ತಿಗೆ..." ಎಂದು ಬಾಯಿತಪ್ಪಿ ಬಂತು.

"ಮೇಡಂ. ಹಿಡಿ ಬಿಗಿಯಾಗಿ ಹಿಡೀಬೇಡ, ಅದರ ಕತ್ತು ಹಿಚುಕಬೇಕಾಗಿಲ್ಲ. ಕ್ಯಾನ್ವಾಸ್ ಹೊದ್ದುಕೋ. ಗಡಿಯಾರ ಒತ್ತು. ಮುಳ್ಳು ಏನು ಹೇಳ್ತಿದೆ, ಜೋರಾಗಿ ಓದು. ನಿನಗೇನು ಅನ್ನಿಸ್ತಿದೆ ಅಂತ ನಾನು ಕೇಳಿಲ್ಲ."

ಅವಳು ಓದಿದಳು. ಮೈ ಎಡಕ್ಕೆ ಬೀಳುತ್ತಿದ್ದೇನೆ ಎಂದು ಕೂಗುತ್ತಿತ್ತು. ಮುಳ್ಳು ನೆಟ್ಟಗಿದೆ ಎನ್ನುತ್ತಿತ್ತು. ಆ ಮುಳ್ಳಿನ ಮೇಲೆ ಅವಳಿಗೆ ಅತ್ತಿಗೆಯ ಮೇಲಿದ್ದಷ್ಟೇ ದ್ವೇಷ ಬಂತು. ಆದರೂ ಕೈ ಅಲ್ಲಾಡಿಸಲಿಲ್ಲ. ಒಂದು ತಿರುವು ವಕ್ರವಾಗಿ, ತಡವಾಗಿ, ಹೇಳಿದ ದಿಕ್ಕಿನಿಂದ ಬಹಳ ದೂರದಲ್ಲಿ ಮುಗಿಯಿತು. ಬೀಳಲಿಲ್ಲ, ಅಷ್ಟೇ.

"ಅಸಹ್ಯವಾಗಿತ್ತು," ಎಂದಳು ಮೇಡಂ. "ಆದ್ರೆ ನೀನೇ ಮಾಡಿದ್ದು."

ಇಳಿದ ಕೂಡಲೇ ಮೇಡಂ ಹೆಡ್‌ಸೆಟ್ಟನ್ನೂ ಚೀಲವನ್ನೂ ಅಲ್ಲೇ ಬಿಟ್ಟು ಮುಖ್ಯಸ್ಥರ ಕೋಣೆಗೆ ನಡೆದಳು. ನಾದಿನಿ ಹಿಂದೆ ಓಡಿದಳು. ಮೇಡಂ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಏನೂ ಮುಚ್ಚಿಡಲಿಲ್ಲ, ಬಣ್ಣ ಕಟ್ಟಲಿಲ್ಲ.

ಮುಖ್ಯಸ್ಥರು ಮೀಸೆ ನೇವರಿಸಿದರು. "ಎರಡು ತಿಂಗಳು ಪಕ್ಕದಲ್ಲೇ ಕೂತಿದ್ರಲ್ಲ. ನಿಮಗೆ ಗೊತ್ತಾಗ್ಲಿಲ್ವಾ?"

ಮೇಡಂ ಕಿವಿ ಕೆಂಪಾಯಿತು. ಅದನ್ನು ನೋಡಬೇಕೆಂದು ನಾದಿನಿ ಎಷ್ಟೋ ದಿನ ಆಸೆಪಟ್ಟಿದ್ದಳು. ಈಗ ನೋಡಿದಾಗ ಅಂಥ ರುಚಿಯೇನೂ ಇರಲಿಲ್ಲ.

"ಕಳ್ಳಿಯನ್ನ ಹುಡುಕ್ತಿದ್ದೆ ಸರ್," ಎಂದಳು ಮೇಡಂ. "ಅದಕ್ಕೇ ಕಣ್ಣಷ್ಟೇ ನೋಡ್ತಿದ್ದೆ. ಇವಳು ಕಳ್ಳಿಯಲ್ಲ, ದಡ್ಡಿ. ಕಳ್ಳಿಗೆ ಶಾಲೆಯಲ್ಲಿ ಜಾಗ ಇಲ್ಲ ಸರಿ. ದಡ್ಡಿಗೂ ಇಲ್ಲ ಅಂದ್ರೆ ಬಾಗಿಲು ಹಾಕ್ಕೊಂಡು ಹೋಗೋಣ."

"ಹೂಂ," ಎಂದರು ಮುಖ್ಯಸ್ಥರು. ನಾದಿನಿಯ ಕಡೆ ತಿರುಗಿದರು. "ಹೆಸರು ಇರಲಿ. ಮೊದಲನೇ ಪಾಠದಿಂದ ಶುರು ಮಾಡ್ಬೇಕು, ಹೊಸಬರ ಜೊತೆ. ಆಗುತ್ತಾ?"

"ಆಗುತ್ತೆ ಸರ್."

"ಇನ್ನೊಂದು. ನಿಮ್ಮಿಬ್ಬರ ಜಗಳ ಇಡೀ ಹ್ಯಾಂಗರಿಗೆ ಗೊತ್ತು. ನನ್ನ ಹಳೇ ಸ್ನೇಹಿತರೊಬ್ಬರಿದ್ದಾರೆ, ನಿಧಾನಸ್ಥರು, ಒಳ್ಳೆ ಮಾತಿನವರು. ಈ ಪಾಠಕ್ಕೆ ಅವರನ್ನ ಕರೆಸ್ಲಾ?"

ಮೇಡಂ ತಟ್ಟನೆ ತಲೆಯೆತ್ತಿದಳು. ಪೀಡೆ ತೊಲಗಿದರೆ ಸಾಕು ಎಂಬ ಆಸೆ ಅವಳ ಮುಖದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು. ನಾದಿನಿಗೂ ಅದೇ ಆಸೆ. ಬೈಯದ ಮೇಷ್ಟರು, ಬೆನ್ನು ತಟ್ಟುವ ಮೇಷ್ಟರು. ಬೆನ್ನು ತಟ್ಟಿಸಿಕೊಂಡರೆ ತನ್ನ ಮೈ ಮತ್ತೆ ಬೀಗಲು ಎಷ್ಟು ಹೊತ್ತು ಬೇಕೆಂಬುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ಮೇಡಮ್ಮೇ ಇರಲಿ ಸರ್," ಎಂದಳು.

"ಯಾಕೆ?"

"ಅವರು ನನ್ನನ್ನ ಎಳ್ಳಷ್ಟೂ ನಂಬಲ್ಲ ಸರ್."

ಮುಖ್ಯಸ್ಥರು ಮೀಸೆಯಡಿ ಏನೋ ಮಾಡಿದರು, ನಗುವಿದ್ದರೂ ಇರಬಹುದು. ಮೇಡಂಗೆ ನಗು ಬರಲಿಲ್ಲ. ಯಾರೋ ತನ್ನ ಕಾಲಿಗೆ ಕಲ್ಲು ಕಟ್ಟಿದ ಹಾಗೆ ನಾದಿನಿಯನ್ನು ದುರುಗುಟ್ಟಿ ನೋಡಿ, "ನಾಳೆ ಆರು ಗಂಟೆಗೆ ಹೊಸಬರ ಬೆಂಚಲ್ಲಿರಬೇಕು," ಎಂದಳು. "ಮುಂದಿನ ಬೆಂಚಲ್ಲಿ."